ಜಯನಗರದ ಇಡಿಯಮ್ಸ್ ಕ್ಲಾಸ್: ಕಾಸಿಗೆ ಮುಕ್ಕಾಲು ಕಜ್ಜಾಯ

ಪೀಣ್ಯದಲ್ಲಿ ಒಂದು ಫ್ಯಾಕ್ಟರಿ ಅಕೌಂಟ್ಸಲ್ಲಿ ಕೆಲ್ಸ ನಂದು. ವಾರಕ್ಕೊಂದ್ಸಲ ಲಂಡನ್ ಕ್ಲೈಂಟ್ ಜೊತೆ ಕಾಲ್ ಇರತ್ತೆ, ಒಂದಿನ ಆ ಕಡೆಯೋರು ನಮ್ಮ ಹೊಸ ಮೆಷಿನ್ನಿಗೆ "ವೈಟ್ ಎಲಿಫೆಂಟ್" ಅಂದ್ರು, ನಾನು ಹೊಗಳ್ತಿದಾರೆ ಅಂದ್ಕೊಂಡು ಥ್ಯಾಂಕ್ಯೂ ಅಂದ್ಬಿಟ್ಟೆ. ನನ್ನ ತಪ್ಪೇನು ಹೇಳಿ, ಬಿಳಿ ಆನೆ ಅಂದ್ರೆ ನಮಗೆ ಇಂದ್ರನ ಐರಾವತ, ಇಲ್ಲಾಂದ್ರೆ ಕೆಎಸ್‌ಆರ್‌ಟಿಸಿ ವೋಲ್ವೋ, ಎರಡೂ ಒಳ್ಳೇದೇ ತಾನೆ. ಸಾಕೋಕೆ ಖರ್ಚು ಜಾಸ್ತಿ ಉಪಯೋಗ ಇಲ್ಲ ಅಂತ ಅರ್ಥ ಅಂತೆ. ಆ ಮರ್ಯಾದೆ ಪ್ರಶ್ನೆಗೇ ಜಯನಗರದಲ್ಲಿ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರ್ಕೊಂಡೆ, ಬರೀ ದುಡ್ಡು, ಬೆಲೆ, ಯೋಗ್ಯತೆ ಮೇಲಿನ ಇಡಿಯಮ್ಸ್ ಬ್ಯಾಚು, ನಾಲ್ಕು ಶನಿವಾರ, ₹1,800.

ಮೊದಲನೇ ಕ್ಲಾಸು ಸೂಪರ್, ಸುಳ್ಳು ಹೇಳಲ್ಲ. "ಪೆನ್ನಿ ವೈಸ್ ಪೌಂಡ್ ಫೂಲಿಶ್" ಹೇಳಿಕೊಡೋಕೆ ಸರ್ ಹಳೇ ಲೆಕ್ಕದಿಂದಾನೇ ಶುರು ಮಾಡಿದ್ರು. 12 ಪೆನ್ಸಿಗೆ ಒಂದು ಶಿಲ್ಲಿಂಗು, 20 ಶಿಲ್ಲಿಂಗಿಗೆ ಒಂದು ಪೌಂಡು, ಅಂದ್ರೆ ಪೌಂಡಿಗೆ 240 ಪೆನ್ಸು, 1971ರ ಫೆಬ್ರವರಿಲಿ ಅದು 100 ಆಯ್ತು. ಆಮೇಲೆ ನಿಮ್ದು ಹೇಳಿ ಅಂದ್ರು, ಬ್ಯಾಚಲ್ಲಿದ್ದ ರಿಟೈರ್ಡ್ ಅಂಕಲ್ ಒಬ್ರು ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, 1957ರಲ್ಲಿ ನಯಾಪೈಸೆ ಬಂತು ಅಂತ ಗಡಗಡ ಹೇಳಿದ್ರು. ಹದಿನಾರಾಣೆ ಸತ್ಯ ಅನ್ನೋದು, ನಯಾಪೈಸೆ ಬೆಲೆ ಇಲ್ಲ ಅನ್ನೋದು, ದಿನಾ ಬಾಯಲ್ಲಿ ಆಡ್ತಿದ್ವಿ, ಎರಡೂ ಬೇರೆಬೇರೆ ಕಾಲದ ನಾಣ್ಯ ಅಂತ ಹೊಳೆದೇ ಇರ್ಲಿಲ್ಲ ನನಗೆ. ಯಾರೋ "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ" ಇದಕ್ಕೆ ಸರಿಹೋಗತ್ತೆ ಅಂದ್ರು, ಸರ್ ಒಪ್ಪಲಿಲ್ಲ, ಅದು ಮಾನದ ಮಾತು ಇದು ಲೆಕ್ಕದ ಮಾತು ಅಂದ್ರು, ಕರೆಕ್ಟು. 20 ರೂಪಾಯಿ ಪಾರ್ಕಿಂಗ್ ಉಳಿಸೋಕೆ ಹೋಗಿ ನೋ ಪಾರ್ಕಿಂಗ್ ದಂಡ ಕಟ್ತೀವಲ್ಲ, ಅದೇ ಪೆನ್ನಿ ವೈಸು.

"ಡೈಮ್ ಎ ಡಜನ್" ಕೂಡ ಚೆನ್ನಾಗಿ ಬಿಡಿಸಿದ್ರು. ಡೈಮ್ ಅಂದ್ರೆ ಅಮೆರಿಕದ 10 ಸೆಂಟು, ಆದ್ರೆ ಚೀಪಾಗಿ ಸಿಕ್ತು ಅಂತ ಖುಷಿಗೆ ಹೇಳೋದಲ್ಲ, ಎಲ್ಲಿ ನೋಡಿದ್ರೂ ಬಿದ್ದಿರತ್ತೆ, ಏನು ದೊಡ್ಡ ವಿಷ್ಯ ಅಂತ ಹೇಳೋಕೆ. ನಾನು "ಕಾಸಿಗೊಂದು ಕೊಸರಿಗೆರಡು" ಅಂದೆ, ಸರ್ ಅದನ್ನ ಬೋರ್ಡ್ ಮೇಲೆ ಬರ್ಕೊಂಡ್ರು. "ಡೇಲೈಟ್ ರಾಬರಿ"ಗೆ ಐದು ನಿಮಿಷಾನೂ ಬೇಕಾಗಿರ್ಲಿಲ್ಲ, ಹಗಲು ದರೋಡೆ ನಮ್ಮಲ್ಲೇ ಇದೆ, ಆಟೋ ಮೀಟರ್ ನೆನಪಾಯ್ತು ಎಲ್ಲರಿಗೂ.

ಎಡವಟ್ಟಾಗಿದ್ದು ಮೂರನೇ ವಾರದಿಂದ. ಸರ್ ಕಥೆ ಕಟ್ಟೋಕೆ ಶುರು ಮಾಡಿದ್ರು. "ಕಾಸ್ಟ್ ಆ್ಯನ್ ಆರ್ಮ್ ಆ್ಯಂಡ್ ಎ ಲೆಗ್", ಅಂದ್ರೆ ವಿಪರೀತ ದುಬಾರಿ, ಯಾಕಂದ್ರೆ ಹಿಂದೆ ಪೇಂಟರ್‌ಗಳು ಚಿತ್ರದಲ್ಲಿ ಕೈಕಾಲು ಬರೆದ್ರೆ ಎಕ್ಸ್‌ಟ್ರಾ ಚಾರ್ಜ್ ಮಾಡ್ತಿದ್ರಂತೆ. ಇದಕ್ಕೆ ಪುರಾವೇನೇ ಇಲ್ಲ ಸ್ವಾಮಿ, ಆ ಮಾತು ಅಮೆರಿಕದಲ್ಲಿ ಚಾಲ್ತಿಗೆ ಬಂದಿದ್ದೇ ಕಳೆದ ಶತಮಾನದಲ್ಲಿ. "ವರ್ತ್ ಹಿಸ್ ಸಾಲ್ಟ್", ಅಂದ್ರೆ ಕೊಟ್ಟ ಸಂಬಳಕ್ಕೆ ಯೋಗ್ಯ, ಅದಕ್ಕೂ ಅದೇ ಕಥೆ, ರೋಮನ್ ಸೈನಿಕರಿಗೆ ಸಂಬಳ ಅಂತ ಉಪ್ಪಿನ ಮೂಟೇನೇ ಕೊಡ್ತಿದ್ರು ಅಂದ್ರು. ಸ್ಯಾಲರಿ ಅನ್ನೋ ಪದ ಲ್ಯಾಟಿನ್ನಿನ ಉಪ್ಪಿಂದ ಬಂದಿದ್ದು ನಿಜ, ಮೂಟೆಗೆ ಮಾತ್ರ ಪುರಾವೆ ಇಲ್ಲ. ನಾನು ಕೈ ಎತ್ತಿ ಕೇಳಿದ್ದಕ್ಕೆ ಗೂಗಲ್ ಮಾಡಿ ಅಂದ್ರು. ಗೂಗಲ್ ಮಾಡೋಕೆ ₹1,800 ಯಾಕೆ ಕೊಡ್ಲಿ? ಅಲ್ಲೇ ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೆ ಅಂತ ನಮ್ಮ ಗಾದೆ ಇದೆ, ಅದನ್ನಾದ್ರೂ ಪಕ್ಕದಲ್ಲಿ ಇಟ್ಟು ನೋಡಬಹುದಿತ್ತು, ಇಂಗ್ಲಿಷಿನೋರ ಉಪ್ಪಲ್ಲಿ ಯೋಗ್ಯತೆ ಇದೆ, ನಮ್ಮ ಉಪ್ಪಲ್ಲಿ ಋಣ ಇದೆ, ಎಷ್ಟು ಚೆಂದದ ವ್ಯತ್ಯಾಸ ಅದು.

ಜೆರಾಕ್ಸ್ ನೋಟ್ಸು ಓದೋಕಾಗಲ್ಲ. ಸರ್ಟಿಫಿಕೇಟಿಗೆ ಬೇರೆ ₹300 ಕೇಳಿದ್ರು, ಬೇಡ ಅಂದೆ.

ಮೊನ್ನೆ ಕಾಲಲ್ಲಿ ಕ್ಲೈಂಟು "ಬ್ಯಾಂಗ್ ಫಾರ್ ದಿ ಬಕ್" ಅಂದ್ರು, ಕೊಟ್ಟ ದುಡ್ಡಿಗೆ ಒಳ್ಳೇ ಪ್ರಯೋಜನ ಅಂತ ಅರ್ಥ ಅಂತ ಗೊತ್ತಿತ್ತು, ಧೈರ್ಯವಾಗಿ ಥ್ಯಾಂಕ್ಯೂ ಅಂದೆ, ಈ ಸಲ ಯಾರೂ ನಗಲಿಲ್ಲ. ಹೋಗೋರು ಮೊದಲೆರಡು ವಾರಕ್ಕೆ ಮಾತ್ರ ಫೀಸ್ ತಗೋತಾರಾ ಕೇಳಿ ನೋಡಿ. ಪೀಣ್ಯ ಕಡೆಯೋರಿಗೆ ಮೆಟ್ರೋ ಗ್ರೀನ್ ಲೈನಲ್ಲಿ ಟ್ರೇನ್ ಬದಲಾಯಿಸೋ ರಗಳೆ ಇಲ್ಲ, ಕೆಳಗಡೆ ಬೇಕರಿಲಿ ಕ್ಲಾಸ್ ಬಿಡೋ ಹೊತ್ತಿಗೆ ದಿಲ್‌ಪಸಂದ್ ಬಿಸಿಬಿಸಿ ಬಂದಿರತ್ತೆ.