ಒಲಾಂಜಪಿನ್, ಕ್ವಿಟಿಯಾಪಿನ್: ಏಳು ವರ್ಷ ನುಂಗಿದವನ ಅನುಭವ

ನಾನು ಇಳಕಲ್‌ನವನು, ಸೀರೆ ನೇಯುತ್ತೇನೆ. 2018ರ ಬೇಸಿಗೆಯಲ್ಲಿ ಐದು ರಾತ್ರಿ ಕಣ್ಣು ಮುಚ್ಚಲಿಲ್ಲ. ನಿದ್ದೆ ಬೇಕು ಅಂತ ಅನಿಸಲೇ ಇಲ್ಲ. ನಡುರಾತ್ರಿ ಮಗ್ಗಕ್ಕೆ ಕೂತು ಲಾಳಿ ಓಡಿಸುತ್ತಿದ್ದೆ. ಹಗಲು ಹೋಗಿ ಎರಡು ವರ್ಷಕ್ಕೆ ಸಾಲುವಷ್ಟು ರೇಷ್ಮೆ ನೂಲು ಉದ್ರಿ ತಂದೆ. ಆರನೇ ದಿನ ಅಣ್ಣ ಬಾಗಲಕೋಟೆಗೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದ. ಬೈಪೋಲಾರ್ ಅಂದರು, ಅಂದರೆ ಮನಸ್ಸು ಒಮ್ಮೆ ವಿಪರೀತ ಏರುವ, ಒಮ್ಮೆ ವಿಪರೀತ ಕುಸಿಯುವ ಕಾಯಿಲೆ. ಅಲ್ಲಿಂದ ಇಲ್ಲಿವರೆಗೆ ಮೂರು ಗುಳಿಗೆ ನೋಡಿದ್ದೇನೆ: ಒಲಾಂಜಪಿನ್ ಎರಡು ವರ್ಷ, ರಿಸ್ಪೆರಿಡೋನ್ ಐದು ವಾರ, ಆಮೇಲಿಂದ ಇವತ್ತಿನವರೆಗೂ ಕ್ವಿಟಿಯಾಪಿನ್. ಜೊತೆಗೆ ಮನಸ್ಸಿನ ಏರಿಳಿತ ಹಿಡಿದಿಡಲು ಲಿಥಿಯಂ ಅನ್ನುವ ಗುಳಿಗೆಯೂ ಇದೆ. ಅದರ ಕಥೆ ಬೇರೆ, ಇಲ್ಲಿ ಬೇಡ.

ಒಲಾಂಜಪಿನ್ 10 ಮಿಲಿಗ್ರಾಂ. ಮೊದಲ ರಾತ್ರಿ ಹದಿನಾಲ್ಕು ತಾಸು ಮಲಗಿದೆ. ಮಧ್ಯದಲ್ಲಿ ಅವ್ವ ಬಂದು ಮೂಗಿನ ಹತ್ತಿರ ಕೈ ಹಿಡಿದು ಉಸಿರಾಡುತ್ತಿದ್ದಾನಾ ಅಂತ ನೋಡಿ ಹೋದಳಂತೆ. ವಾರದೊಳಗೆ ತಲೆಯೊಳಗಿನ ಗದ್ದಲ ಇಳಿಯಿತು. ಈ ವಿಷಯದಲ್ಲಿ ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಅದು ಇಲ್ಲದಿದ್ದರೆ ಮಗ್ಗವನ್ನೂ ಮಾರುತ್ತಿದ್ದೆನೋ ಏನೋ.

ಆದರೆ ಹಸಿವು! ಇದು ಬರೀ ಊಟ ರುಚಿಸುವುದಲ್ಲ. ತಿಂದು ಕೈ ತೊಳೆಯುವಷ್ಟರಲ್ಲಿ ಮತ್ತೆ ಹೊಟ್ಟೆ ಖಾಲಿ ಅನಿಸುತ್ತದೆ. ಮೂರು ಜೋಳದ ರೊಟ್ಟಿ ತಿನ್ನುತ್ತಿದ್ದವನು ಆರಕ್ಕೆ ಬಂದೆ. ಅಮೀನಗಡದಿಂದ ತಂದ ಒಂದು ಕಿಲೋ ಕರದಂಟು ಎರಡೇ ರಾತ್ರಿಯಲ್ಲಿ ಮುಗಿಸಿದೆ. ಕತ್ತಲಲ್ಲಿ ಡಬ್ಬಿ ಸದ್ದು ಕೇಳಿ ಹೆಂಡತಿ ಎದ್ದು ಬಂದು, "ಏನ್ರೀ, ಈಗಷ್ಟ ಉಂಡೀರಿ, ಮತ್ತ ಏನ್ ಹುಡಕಾಕತ್ತೀರಿ?" ಅಂದಳು. ಉತ್ತರ ಇರಲಿಲ್ಲ. ಹದಿನಾಲ್ಕು ತಿಂಗಳಲ್ಲಿ 64 ಕಿಲೋ ಇದ್ದವನು 79 ಆದೆ. ನಮ್ಮದು ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ. ಕಾಲು ಗುಂಡಿಯಲ್ಲಿ, ಸೀರೆ ಸುತ್ತಿಕೊಳ್ಳುವ ಮರದ ದಿಂಡು ಹೊಟ್ಟೆಯ ಮುಂದೆ. ಮೊದಲು ನಡುವೆ ನಾಲ್ಕು ಬೆರಳು ಜಾಗ ಇತ್ತು. ಆಮೇಲೆ ಹೊಟ್ಟೆ ಹೋಗಿ ದಿಂಡಿಗೆ ತಾಗತೊಡಗಿತು. ತೂಕದ ಯಂತ್ರ ಸುಳ್ಳು ಹೇಳುತ್ತಿದೆ ಅಂದುಕೊಂಡಿದ್ದೆ, ದಿಂಡು ಬಿಡಲಿಲ್ಲ. ಖಾಲಿ ಹೊಟ್ಟೆಯ ಶುಗರ್ 92ರಿಂದ 121ಕ್ಕೆ ಬಂತು.

ಇನ್ನೊಂದು, ಬೆಳಗಿನ ಮಂಪರು. ಈ ಔಷಧಿ ಮೈಯಲ್ಲಿ ಅರ್ಧ ಕರಗಲು ಸುಮಾರು 30 ತಾಸು ಬೇಕು. ಹಾಗಾಗಿ ಬೆಳಿಗ್ಗೆ ಹತ್ತರವರೆಗೆ ತಲೆ ಮೇಲೆ ಒದ್ದೆ ಕಂಬಳಿ ಹೊದ್ದ ಹಾಗೆ. ಬೀಡಿ ಸೇದುವವರು ಇದನ್ನೂ ಗಮನಿಸಿ. ನಾನು ಬೀಡಿ ಬಿಟ್ಟ ವಾರದಲ್ಲೇ ಮಂಪರು ದುಪ್ಪಟ್ಟಾಯಿತು. ಡಾಕ್ಟರು ಮುಖ ನೋಡಿದವರೇ, "ಬೀಡಿ ಬಿಟ್ಟೀರೇನು?" ಅಂತ ಕೇಳಿದರು. ಬೀಡಿ ಹೊಗೆ ಲಿವರ್‌ಗೆ ಚುರುಕು ಕೊಟ್ಟು ಒಲಾಂಜಪಿನ್ ಅನ್ನು ಬೇಗ ಕರಗಿಸುತ್ತಂತೆ. ಹೊಗೆ ನಿಂತರೆ ಅದೇ ಗುಳಿಗೆ ಮೈಯಲ್ಲಿ ಜಾಸ್ತಿ ಉಳಿಯುತ್ತದೆ. ಡೋಸ್ ಇಳಿಸಿದರು. ಒಳ್ಳೆಯ ಕೆಲಸ ಮಾಡಿದರೂ ಡಾಕ್ಟರಿಗೆ ಹೇಳಿಯೇ ಮಾಡಬೇಕು, ನೋಡಿ.

ತೂಕ, ಶುಗರ್ ಎರಡೂ ನೋಡಿ ರಿಸ್ಪೆರಿಡೋನ್‌ಗೆ ಬದಲಿಸಿದರು. ಹಸಿವು ಕಡಿಮೆಯಾಯಿತು, ಮಂಪರೂ ಇಲ್ಲ. ಆದರೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ನೋವಲ್ಲ, ಸೆಟೆತವಲ್ಲ. ಒಳಗಿನಿಂದ ಯಾರೋ ಏಳು ಏಳು ಅಂತ ದಬ್ಬುವ ಹಾಗೆ. ಎರಡು ನಿಮಿಷ ಮಗ್ಗದಲ್ಲಿ ಕೂರುವುದು, ಏಳುವುದು, ಅಂಗಳದಲ್ಲಿ ಅಡ್ಡಾಡುವುದು. ಇದಕ್ಕೆ ಅಕಥೀಸಿಯಾ ಅಂತ ಹೆಸರು. ಸೆರಗಿನ ಎಳೆಗೆ ಒಡಲಿನ ಎಳೆ ಕೊಂಡಿ ಹಾಕಿ ಸೇರಿಸುವ ಕೆಲಸ ಕೂತಲ್ಲೇ ಕೂತು ಮಾಡಬೇಕು. ನನ್ನ ಕೈಯಲ್ಲಿ ಆಗಲೇ ಇಲ್ಲ, ಅದನ್ನು ಹೆಂಡತಿಯೇ ಮಾಡಿದಳು. ಐದನೇ ವಾರ ನಿಲ್ಲಿಸಿದರು.

ಈಗ ಕ್ವಿಟಿಯಾಪಿನ್, ರಾತ್ರಿ 300 ಮಿಲಿಗ್ರಾಂ. ನಿದ್ದೆಯ ಮಟ್ಟಿಗೆ ನನಗೆ ಇದೇ ಒಗ್ಗಿದೆ. ನುಂಗಿದ ಒಂದು ತಾಸಿಗೆ ಕಣ್ಣು ಎಳೆಯುತ್ತದೆ, ಬೆಳಿಗ್ಗೆ ಒಲಾಂಜಪಿನ್‌ಗಿಂತ ಎರಡು ತಾಸು ಮೊದಲೇ ತಲೆ ತಿಳಿಯಾಗುತ್ತದೆ. ಆ ಒಂದು ತಾಸಿನಲ್ಲಿ ಮೊಬೈಲ್ ಹಿಡಿದು ಕೂತರೆ ಮಾತ್ರ ಕೆಟ್ಟಿತು. ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಮೂಗು ಕಟ್ಟಿದ ಹಾಗೆ ಆಗುತ್ತದೆ, ಬಾಯಿ ಒಣಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲಿಗೆ ಇದು ಸೇರಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಮಲಬದ್ಧತೆಯೂ ಇದೆ. ತೂಕ 79ರಿಂದ 74ಕ್ಕೆ ಇಳಿದು ಅಲ್ಲೇ ನಿಂತಿದೆ. ಇದೂ ತೂಕ ಏರಿಸುವ ಗುಳಿಗೆಯೇ, ನನ್ನ ಮೈಗೆ ಒಲಾಂಜಪಿನ್‌ನಷ್ಟು ಹತ್ತಲಿಲ್ಲ, ಅಷ್ಟೇ.

ದೊಡ್ಡ ತಾಪತ್ರಯ ಎಂದರೆ ತಲೆ ತಿರುಗುವುದು. ಶುರುವಾದ ಎರಡನೇ ವಾರ ನಡುರಾತ್ರಿ ಎದ್ದು ಬಚ್ಚಲಿಗೆ ಹೊರಟವನು ಹೊಸ್ತಿಲಲ್ಲಿ ದೊಪ್ಪನೆ ಬಿದ್ದೆ. ಮೊಣಕೈ ಒಡೆಯಿತು. ಎದ್ದು ನಿಂತ ಕೂಡಲೇ ಬಿಪಿ ಇಳಿಯುತ್ತದೆ, ಅದಕ್ಕೇ ಹಾಗೆ. ಈಗ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು, ಆಮೇಲೆ ಗೋಡೆ ಹಿಡಿದು ಏಳುತ್ತೇನೆ. ವಯಸ್ಸಾದವರ ಮನೆಯಲ್ಲಿ ಇದನ್ನು ಹಗುರಾಗಿ ತಗೋಬೇಡಿ.

ಒಮ್ಮೆ ಒಂದು ಮೆಡಿಕಲ್ ಅಂಗಡಿಯವನು ಸಾದಾ ಗುಳಿಗೆಯ ಬದಲು ಎಸ್‌ಆರ್ ಕೊಟ್ಟುಬಿಟ್ಟ. ಹೆಸರು ಅದೇ, ಮಿಲಿಗ್ರಾಂ ಅದೇ, ಕೊನೆಯಲ್ಲಿ ಎರಡು ಅಕ್ಷರ ಜಾಸ್ತಿ. ನಾನೂ ನೋಡಲಿಲ್ಲ. ಅದು ನಿಧಾನಕ್ಕೆ ಬಿಡುವ ಗುಳಿಗೆ, ಅದರ ಜೋರು ಐದಾರು ತಾಸಿನ ಮೇಲೆ. ಹತ್ತಕ್ಕೆ ನುಂಗಿದೆ, ಒಂದಾದರೂ ಕಣ್ಣು ಹತ್ತಲಿಲ್ಲ. ಬೆಳಿಗ್ಗೆ ಒಂಬತ್ತಾದರೂ ಏಳಲಾಗಲಿಲ್ಲ. ಎಸ್‌ಆರ್ ಕೆಟ್ಟದ್ದಲ್ಲ, ಕೆಲವರಿಗೆ ಅದೇ ಬರೆದಿರುತ್ತಾರೆ. ಅದನ್ನು ಮುರಿದು, ಅಗಿದು ನುಂಗಬಾರದು ಅಷ್ಟೇ. ಈಗ ಸ್ಟ್ರಿಪ್ ತಿರುಗಿಸಿ ಓದದೆ ದುಡ್ಡು ಕೊಡುವುದಿಲ್ಲ.

ಹೆಂಡತಿಯ ತಮ್ಮನಿಗೆ ಪವರ್‌ಲೂಮ್ ಕೆಲಸ, ಪಾಳಿ ಬದಲಾಗುತ್ತಾ ಇರುತ್ತದೆ. ಅವನು ಒಂದು ದಿನ, "ಮಾಮಾ, ನಿನ್ನ ಗುಳಿಗಿ ಅರ್ಧ ಕೊಡು, ಮಕ್ಕೋತೀನಿ" ಅಂದ. ಕೊಡಲಿಲ್ಲ. ಬರೀ ನಿದ್ದೆಗೆ ಅಂತ ಕ್ವಿಟಿಯಾಪಿನ್‌ಗೆ ಎಲ್ಲೂ ಒಪ್ಪಿಗೆ ಇಲ್ಲ. 25, 50 ಮಿಲಿಗ್ರಾಂಗೆ ಕಣ್ಣು ಎಳೆಯುವುದು ಮಿದುಳನ್ನು ಎಚ್ಚರವಾಗಿಡುವ ಹಿಸ್ಟಮಿನ್ ಅನ್ನುವ ರಾಸಾಯನಿಕವನ್ನು ತಡೆಯುವುದರಿಂದ, ನೆಗಡಿ ಗುಳಿಗೆ ತಿಂದರೆ ತೂಕಡಿಕೆ ಬರುತ್ತಲ್ಲ, ಹಾಗೆ. ಆದರೆ ಅಷ್ಟಕ್ಕೂ ಹಸಿವು, ತೂಕ ಬೆನ್ನು ಹತ್ತಬಹುದು. ನನಗೆ ರೋಗ ಇದೆ, ಅದಕ್ಕೆ ಈ ಬೆಲೆ ಕೊಡುತ್ತಿದ್ದೇನೆ. ಅವನು ಯಾಕೆ ಕೊಡಬೇಕು? ರಾತ್ರಿ ಪಾಳಿಯಲ್ಲಿ ನಾಲ್ಕು ಚಹಾ ಕುಡಿಯುವುದನ್ನು ಬಿಡು ಅಂದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಟ್ಟೆ. ಮುಖ ಊದಿಸಿಕೊಂಡು ಹೋದ.

ನಾನೇನು ಶಾಣ್ಯಾ ಅಲ್ಲ. ಎರಡು ವರ್ಷದ ಹಿಂದೆ ಬನಶಂಕರಿ ಜಾತ್ರೆಗೆ ಹೋದಾಗ ನಾಟಕ ನೋಡುವ ಆಸೆಗೆ ಮೂರು ರಾತ್ರಿ ಗುಳಿಗೆ ಬಿಟ್ಟೆ. ನಾಟಕ ಬೆಳತನಕ ಇರುತ್ತದಲ್ಲ. ಮೊದಲ ರಾತ್ರಿ ಖುಷಿ. ಎರಡನೇ ರಾತ್ರಿ ಹೊಟ್ಟೆ ತೊಳಸಿ ವಾಂತಿ. ಮೂರನೇ ರಾತ್ರಿ ಮಲಗಿದರೂ ನಿದ್ದೆ ಇಲ್ಲ, ಮೈ ಬೆವರು, ತಲೆಯಲ್ಲಿ ಮತ್ತೆ ನೂಲಿನ ಲೆಕ್ಕ ಶುರು. ಹೆಂಡತಿಗೆ ಆ ಲೆಕ್ಕದ ಗುರುತು ಇದೆ. ಬೆಳಿಗ್ಗೆ ಮೊದಲ ಬಸ್ಸಿಗೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಈ ವರ್ಷದ ಜಾತ್ರೆಯಲ್ಲಿ ಹತ್ತಕ್ಕೆ ಗುಳಿಗೆ ನುಂಗಿ ಪರಿಚಯದವರ ಮನೆಯಲ್ಲಿ ಮಲಗಿದೆ. ಅವಳು ಕೂತು ಪೂರ್ತಿ ನಾಟಕ ನೋಡಿ ಬಂದು, ಬೆಳಿಗ್ಗೆ ಚಹಾ ಕುಡಿಯುತ್ತಾ ಹಾಸ್ಯಗಾರನ ಮಾತು ಅಷ್ಟನ್ನೂ ಹೇಳಿದಳು.