ಲಾ ಲಗುನಿಯಾ ಸಂತೆಯ ಎರಡು ಕುದುರೆ ಚಿತ್ರಗಳು

ಮೆಕ್ಸಿಕೋ ಸಿಟಿಯ ಲಾ ಲಗುನಿಯಾದಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ಸೇರುತ್ತದೆ. ಅಲ್ಲಿ ಒಬ್ಬರ ಹತ್ತಿರ ಸ್ಪೇನ್ ಆಳ್ವಿಕೆಯ ಕಾಲದ ಗವರ್ನರು, ಸೈನಿಕರ ಚಿತ್ರಗಳ ದೊಡ್ಡ ಕಟ್ಟೇ ಇತ್ತು. ಎರಡು ಆರಿಸಿದೆ. ಒಂದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇನ್ನೊಂದು ಅಷ್ಟಕ್ಕಷ್ಟೆ.

ಮೊದಲನೆಯದು ಬೆರ್ನಾರ್ದೊ ದೆ ಗಾಲ್ವೆಸ್. 1777ರಲ್ಲಿ ಆಗ ಸ್ಪೇನ್ ಕೈಲಿದ್ದ, ಈಗ ಅಮೆರಿಕದಲ್ಲಿರುವ ಲೂಸಿಯಾನಾದ ಗವರ್ನರ್ ಆದವನು, 1781ರಲ್ಲಿ ಬ್ರಿಟಿಷರಿಂದ ಫ್ಲಾರಿಡಾದ ಪೆನ್ಸಕೋಲಾ ಊರು ಕಿತ್ತುಕೊಂಡವನು. ಮೂಲ ಚಿತ್ರ ಬರೆದವರು ಇಬ್ಬರು ಪಾದ್ರಿಗಳು, 1796ರಲ್ಲಿ. ಆಗ ಅವನು ಸತ್ತು ಹತ್ತು ವರ್ಷ. ಕಪ್ಪು ನೆಲದ ಮೇಲೆ ಬಿಳಿ ಗೆರೆ. ಕುದುರೆಯ ಮೈಯೆಲ್ಲ ಬರೀ ಸುರುಳಿ, ಯಾರೋ ಸಹಿ ಹಾಕುತ್ತಾ ಕೈ ನಿಲ್ಲಿಸೋದನ್ನೇ ಮರೆತ ಹಾಗೆ! ಮುಖವಾದರೋ ಮಾಮೂಲಿ ಎಣ್ಣೆ ಬಣ್ಣದ್ದು.

ನನಗೆ ಸಿಕ್ಕಿದ್ದು ಅದನ್ನು ನೋಡಿ ಈಚೆಗೆ ತಾಮ್ರದ ತಗಡಿನಲ್ಲಿ ಕೊರೆದು ತೆಗೆದ ಅಚ್ಚು. ಕಪ್ಪು ಬಿಳುಪು ಅದಲುಬದಲಾಗಿ ಕೆನೆ ಬಣ್ಣದ ಕಾಗದದ ಮೇಲೆ ಕಪ್ಪು ಗೆರೆ ಬಂದಿದೆ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇದೆ. ಗೆರೆ ಮೇಲೆ ಉಗುರು ಆಡಿಸಿದರೆ ಮಸಿ ಸ್ವಲ್ಪ ಉಬ್ಬಿರೋದು ಗೊತ್ತಾಗುತ್ತೆ. ಬಾಲದ ಸುರುಳಿಗಳಂತೂ ಎಲ್ಲೂ ಒಡೆದಿಲ್ಲ. ಮುಖ ಮಾತ್ರ ಕೈಕೊಟ್ಟಿದೆ. ಅಡ್ಡ ಗೆರೆ ಜಾಸ್ತಿ ತುಂಬಿ, ಗವರ್ನರ್ ಸಾಹೇಬರಿಗೆ ವಾರದಿಂದ ಜ್ವರ ಇದ್ದಂತೆ ಕಾಣುತ್ತಾರೆ. 900 ಪೆಸೊ ಹೇಳಿದರು, 700ಕ್ಕೆ ಕೊಟ್ಟರು. ನನ್ನ ಪ್ರಕಾರ ನ್ಯಾಯವಾದ ಬೆಲೆ.

ಎರಡನೆಯದು ಸೊಲ್ದಾದೊ ದೆ ಕುಎರಾ, ಅಂದರೆ ಉತ್ತರದ ಗಡಿ ಠಾಣೆಗಳ ಚರ್ಮದಂಗಿ ಸೈನಿಕ. ಬಾಣ ತಡೆಯೋಕೆ ಹಲವು ಪದರ ತೊಗಲು ಸೇರಿಸಿ ಹೊಲಿದ ಅಂಗಿ, ಕೈಯಲ್ಲಿ ಈಟಿ, ಚರ್ಮದ ಗುರಾಣಿ. 1772ರ ನಿಯಮದ ಪ್ರಕಾರ ಒಬ್ಬೊಬ್ಬನಿಗೂ ಆರು ಕುದುರೆ, ಒಂದು ಕುದುರೆ ಮರಿ, ಒಂದು ಹೇಸರಗತ್ತೆ ಇರಬೇಕಿತ್ತು. ಇಷ್ಟು ಸೊಗಸಾದ ವಿಷಯ, ಆದರೆ ಅಚ್ಚು ಕಳಪೆ. ಮಾರುವವರು ‘ಆಂತಿಗ್ವೊ, ಆಂತಿಗ್ವೊ’, ಅಂದರೆ ಹಳೇ ಕಾಲದ್ದು, ಅಂತಲೇ ಇದ್ದರು. ಭೂತಗನ್ನಡಿ ಇಟ್ಟರೆ ನೀಲಿ, ಕೆಂಪು, ಹಳದಿ ಚುಕ್ಕಿ! ಹದಿನೆಂಟನೇ ಶತಮಾನದಲ್ಲಿ ಹೀಗೆ ಬಣ್ಣದ ಚುಕ್ಕಿಗಳಿಂದ ಚಿತ್ರ ಅಚ್ಚು ಹಾಕುವ ಆಫ್‌ಸೆಟ್ ಯಂತ್ರ ಎಲ್ಲಿತ್ತು ಸ್ವಾಮಿ? ತೋರಿಸಿದೆ, ನಕ್ಕು 80 ಪೆಸೊಗೆ ಇಳಿದರು. ಸೈನಿಕನ ಸರಂಜಾಮು ನೋಡೋಕಾದರೂ ಆಗುತ್ತೆ ಅಂತ ತಗೊಂಡೆ.

ಪ್ಯಾಕಿಂಗ್ ಬಗ್ಗೆ ಕೇಳಲೇಬೇಡಿ. ಬಿಗಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಲು ಹೊರಟಿದ್ದರು, ನಾನೇ ತಡೆದು ಎರಡು ರಟ್ಟಿನ ನಡುವೆ ಇಡಿಸಿದೆ.

ಗಾಲ್ವೆಸ್ ಅಚ್ಚು ಕೊಳ್ಳೋರು ಮೊದಲು ಚಪುಲ್ತೆಪೆಕ್ ಕೋಟೆಯ ಮ್ಯೂಸಿಯಂನಲ್ಲಿ ಮೂಲ ನೋಡಿಕೊಂಡು ಬನ್ನಿ. ಆ ಕಟ್ಟಡವನ್ನು 1785ರಲ್ಲಿ ಶುರು ಮಾಡಿಸಿದ್ದೂ ಇವನೇ, ವೈಸ್‌ರಾಯ್ ಆಗಿದ್ದಾಗ. ಮುಗಿದದ್ದನ್ನು ನೋಡಲಿಲ್ಲ ಪಾಪ. ಸೋಮವಾರ ಹೋಗಬೇಡಿ, ಬಾಗಿಲು ಹಾಕಿರುತ್ತೆ.