ಹೊಯ್ ಆನ್‌ನಲ್ಲಿ ರೇಷ್ಮೆ ಬಟ್ಟೆ ಹೊಲಿಸಬೇಕು ಅಂತಿದ್ದೀರಾ? ಸ್ವಲ್ಪ ನಿಲ್ಲಿ

ವಿಯೆಟ್ನಾಂಗೆ ಹೊರಟವರು, ಅದರಲ್ಲೂ ಡಾ ನಾಂಗ್, ಹೊಯ್ ಆನ್ ಕಡೆ ಹೊರಟವರು ದಯವಿಟ್ಟು ಇದನ್ನು ಓದಿ. 65 ಲಕ್ಷ ಕಳೆದುಕೊಂಡು ಬರೆಯುತ್ತಿದ್ದೇನೆ. ಗಾಬರಿಯಾಗಬೇಡಿ, ಅದು ಡಾಂಗ್ ಲೆಕ್ಕ. ನಮ್ಮ ದುಡ್ಡಲ್ಲಿ 22 ಸಾವಿರದ ಹತ್ತಿರ. ಆದರೆ ಹೊಟ್ಟೆ ಉರಿಯುತ್ತಿರುವುದು ದುಡ್ಡಿಗಲ್ಲ. ನಾನು ಶಿಡ್ಲಘಟ್ಟದವಳು. ನಮ್ಮಪ್ಪ ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿದವರು. ಗೂಡು ಬೇಯಿಸುವ ವಾಸನೆಯಲ್ಲೇ ಬೆಳೆದವಳ ಕೈಗೆ ಪಾಲಿಸ್ಟರ್ ಕೊಟ್ಟು ರೇಷ್ಮೆ ಅಂದರು. ನಾನೂ ಥ್ಯಾಂಕ್ಯೂ ಹೇಳಿ ತಗೊಂಡು ಬಂದೆ!

ಆಗಿದ್ದು ಹೀಗೆ. ಡಾ ನಾಂಗ್‌ನಲ್ಲಿ ಮೂರು ದಿನ ಚೆನ್ನಾಗೇ ಇತ್ತು. ಮೈ ಖೇ ಬೀಚ್, ಶನಿವಾರ ರಾತ್ರಿ ಬೆಂಕಿ ಉಗುಳುವ ಡ್ರ್ಯಾಗನ್ ಸೇತುವೆ, ಬಾ ನಾ ಬೆಟ್ಟ, ಎಲ್ಲ ನೋಡಿದೆವು. ಅಲ್ಲಿಂದ ಹೊಯ್ ಆನ್ ಬರೀ 30 ಕಿಲೋಮೀಟರ್. ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಸಿಗುತ್ತಿತ್ತು. ಆದರೂ ನಮ್ಮವರು ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಡ್ರೈವರನ್ನೇ ಎರಡು ದಿನಕ್ಕೆ ಗೊತ್ತು ಮಾಡಿದರು. ಒಳ್ಳೇ ಹುಡುಗ, ಇಂಗ್ಲಿಷ್ ಬರುತ್ತೆ ಅಂತ. ದಾರಿಯಲ್ಲಿ ಮಾರ್ಬಲ್ ಮೌಂಟನ್ಸ್ ಹತ್ತಿರ ಒಂದು ಕಲ್ಲಿನ ವಿಗ್ರಹದ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ. ಅರ್ಧ ಗಂಟೆ ಸುತ್ತಿ ಏನೂ ಕೊಳ್ಳದೆ ಬಂದೆವು. ಹುಡುಗನ ಮುಖ ಸಪ್ಪಗಾಯಿತು. ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು. ಆಗಲಿಲ್ಲ.

ಹೊಯ್ ಆನ್ ದರ್ಜಿಗಳ ಊರು ಅಂತ ಹೋದವರಿಗೆಲ್ಲ ಗೊತ್ತು. ಬೀದಿ ಬೀದಿಯಲ್ಲಿ ಅಂಗಡಿ, ಬೆಳಗ್ಗೆ ಅಳತೆ ಕೊಟ್ಟರೆ ಮಾರನೇ ದಿನ ಬಟ್ಟೆ ಕೈಯಲ್ಲಿ. ನಾವೇ ಒಂದು ಅಂಗಡಿ ನೋಡಿಕೊಳ್ಳಬಹುದಿತ್ತು. ಡ್ರೈವರ್ ಬಿಡಲಿಲ್ಲ, "ನನ್ನ ಅಕ್ಕನ ಅಂಗಡಿ" ಅಂತ ಕರೆದುಕೊಂಡು ಹೋದ.

ಆ ಅಕ್ಕ ಕೈ ಮುಗಿದು "ನಮಸ್ತೆ ಇಂಡಿಯಾ" ಅಂದಳು. ಟೀ ಕೊಟ್ಟಳು. ನನಗೂ ಮಗಳಿಗೂ ಆವೊ ಜಾಯ್ (ಅಲ್ಲಿನ ಹೆಂಗಸರು ಹಾಕುವ ಉದ್ದನೇ ಅಂಗಿ, ಪಕ್ಕದಲ್ಲಿ ಸೀಳು, ಒಳಗೆ ಪ್ಯಾಂಟು), ನಮ್ಮವರಿಗೆ ಒಂದು ಶರ್ಟು. ನಾನು ಕೇಳುವ ಮೊದಲೇ ಅವಳು ಥಾನಿನ ಅಂಚಿನಿಂದ ನಾಲ್ಕು ಎಳೆ ಕಿತ್ತು ಲೈಟರ್ ಹಚ್ಚಿದಳು. ಕೂದಲು ಸುಟ್ಟ ವಾಸನೆ. ಬೆರಳಲ್ಲಿ ಉಜ್ಜಿದರೆ ಪುಡಿ ಬೂದಿ. ಅಪ್ಪಟ ರೇಷ್ಮೆ!

ಇಲ್ಲೇ ನೋಡಿ ನಾನು ಬಿದ್ದಿದ್ದು. ನಾನು ಸುಮ್ಮನಿರಬೇಕಿತ್ತು. ಸುಮ್ಮನಿರದೆ ಪಾಠ ಶುರು ಮಾಡಿದೆ. ನಮ್ಮೂರಲ್ಲಿ ಗೂಡಿನ ಮಾರುಕಟ್ಟೆ ಇದೆ, ನಮ್ಮಪ್ಪ ಹೀಗೆ, ಹಿಪ್ಪುನೇರಳೆ ಹಾಗೆ... ಅವಳು ಕಣ್ಣರಳಿಸಿ ಕೇಳಿದಳು. "ಓ, ಯೂ ಎಕ್ಸ್‌ಪರ್ಟ್!" ಅಂದಳು. ನಾನು ಉಬ್ಬಿ ಹೋದೆ. ಈಗ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತೆ. ಅವಳು ಸುಟ್ಟು ತೋರಿಸಿದ್ದು ರೇಷ್ಮೆಯೇ, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆದರೆ ಕತ್ತರಿಸಿದ್ದು ಯಾವುದನ್ನು? ನೋಡಿದ್ದೀನಾ? ಇಲ್ಲ. ಥಾನನ್ನು ಒಳಗೆ ತಗೊಂಡು ಹೋದರು. ನಾನು ಟೀ ಕುಡಿಯುತ್ತಾ ಕೂತಿದ್ದೆ.

ಅರ್ಧ ಹಣ ಮುಂಗಡ. ಕಾರ್ಡಾದರೆ ಶೇ 3 ಜಾಸ್ತಿ ಅಂದಿದ್ದಕ್ಕೆ ನಗದು ಕೊಟ್ಟೆವು. ಆರುನೂರು ಚಿಲ್ಲರೆ ರೂಪಾಯಿ ಉಳಿಸಿದೆವು ಅಂತ ಖುಷಿ ಬೇರೆ. ರಾತ್ರಿ ಎಂಟೂವರೆಗೆ ಟ್ರಯಲ್. ಹೊರಗೆಲ್ಲ ಲ್ಯಾಂಟರ್ನ್, ಅಂಗಡಿಯೊಳಗೂ ಹಳದಿ ದೀಪ, ಆ ಬೆಳಕಲ್ಲಿ ಗೋಣಿಚೀಲವೂ ರೇಷ್ಮೆಯಂತೆಯೇ ಹೊಳೆಯುತ್ತೆ. ತೋಳು ಬಿಗಿ, ಭುಜ ಸಡಿಲ ಅಂತ ಅಳತೆಯ ಗಲಾಟೆಯಲ್ಲೇ ಮುಳುಗಿದ್ದೆವು. ಬಾಕಿ ಹಣ ಅಲ್ಲೇ ತಗೊಂಡರು. ಬೆಳಗ್ಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾಗ ಸೀಲ್ ಮಾಡಿದ ಕವರ್ ಕೈಗೆ ಬಂತು. ಬಿಚ್ಚಿಯೂ ನೋಡಲಿಲ್ಲ.

ಊರಿಗೆ ಬಂದ ಮೇಲೆ ಅಮ್ಮನ ಮುಂದೆ ಕವರ್ ಬಿಚ್ಚಿದೆ. ಅಮ್ಮ ಬಟ್ಟೆ ಮುಟ್ಟಿದರು. ಮತ್ತೆ ಮುಟ್ಟಿದರು. ಏನೂ ಮಾತಾಡಲಿಲ್ಲ. ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಅಡುಗೆಮನೆಗೆ ಹೋಗಿ ಸ್ಟೋವ್ ಹಚ್ಚಿದರು. ಎಳೆ ಮುದುಡಿ, ಕರಗಿ, ತುದಿಯಲ್ಲಿ ಸಾಸಿವೆಕಾಳಿನಂಥ ಕಪ್ಪು ಉಂಡೆಯಾಯಿತು. ಪ್ಲಾಸ್ಟಿಕ್ ವಾಸನೆ.

"ನಿಮ್ಮಪ್ಪ ಇದ್ದಿದ್ದರೆ ನಗ್ತಿದ್ರು ಕಣೇ," ಅಂದರು ಅಷ್ಟೇ.

ಅವತ್ತೇ ಅಂಗಡಿಗೆ ವಾಟ್ಸ್ಆ್ಯಪ್ ಮಾಡಿದೆ, ಉಂಡೆಯ ಫೋಟೊ ಸಮೇತ. ಮೊದಲ ಉತ್ತರ: "ಡಿಯರ್, 100% ಸಿಲ್ಕ್." ಸುಟ್ಟರೆ ಕರಗಿತಲ್ಲ ಅಂದೆ. "ವಿಯೆಟ್ನಾಂ ಸಿಲ್ಕ್ ಬೇರೆ, ಇಂಡಿಯಾ ಸಿಲ್ಕ್ ಬೇರೆ." ಕೇಳಿದಿರಾ? ಯಾವ ದೇಶದ ಹುಳ ನೇಯ್ದ ಗೂಡಾದರೂ ಸುಟ್ಟರೆ ಕೂದಲ ವಾಸನೆಯೇ ಬರಬೇಕು ತಾಯಿ! ಅದನ್ನೇ ಬರೆದೆ. ಎರಡು ದಿನ ಮೌನ. ಆಮೇಲೆ: "ನೀವು ಬಟ್ಟೆ ಸುಟ್ಟಿದ್ದೀರಿ, ಡ್ಯಾಮೇಜ್ ಮಾಡಿದ್ದಕ್ಕೆ ರೀಫಂಡ್ ಇಲ್ಲ." ನಾನು ಸುಟ್ಟಿದ್ದು ಒಂದೇ ಒಂದು ಎಳೆ. ಕೊನೆಗೆ: "ಮುಂದಿನ ಸಲ ಬನ್ನಿ, 10% ಡಿಸ್ಕೌಂಟ್." ಜೊತೆಗೆ ಹೂವಿನ ಇಮೋಜಿ. ಅಲ್ಲಿಂದಾಚೆ ನೀಲಿ ಟಿಕ್ ಮಾತ್ರ.

ಬಿಲ್ಲಿನಲ್ಲಿ ಸಿಲ್ಕ್ ಅಂತ ಬರೆದಿದೆಯಲ್ಲ ಅಂತ ಸಮಾಧಾನ ಇತ್ತು. ಅದೂ ಹೋಯಿತು. ಬಿಲ್ಲಿನಲ್ಲಿದ್ದದ್ದು "ಲುವಾ" ಅನ್ನುವ ಅವರ ಮಾತು. ಹೋ ಚಿ ಮಿನ್ಹ್ ಸಿಟಿಯಲ್ಲಿ ಕೆಲಸದಲ್ಲಿರುವ ಪರಿಚಯದವರನ್ನು ಕೇಳಿದೆ. ಲುವಾ ಅಂದರೆ ರೇಷ್ಮೆ ನಿಜ, ಆದರೆ ಮಾರುಕಟ್ಟೆಯಲ್ಲಿ ನುಣುಪಾಗಿ ಹೊಳೆಯುವ ಬಟ್ಟೆಗೆಲ್ಲ ಹಾಗೇ ಅಂತಾರೆ, ಹುಳುವಿನ ರೇಷ್ಮೆಯಾದರೆ "ತೊ ತಾಮ್" ಅಂತ ಕೇಳಿ ಬರೆಸಿಕೊಳ್ಳಬೇಕಿತ್ತು ಅಂದರು. ಬೇಕಿತ್ತು. ಎಲ್ಲ ಬೇಕಿತ್ತು.

ಆ ಊರಲ್ಲಿ ಎಲ್ಲರೂ ಹಾಗಲ್ಲ, ಅದನ್ನೂ ಹೇಳಬೇಕು. ಜಪಾನೀ ಸೇತುವೆ ಹತ್ತಿರ ಎಳನೀರು ಕುಡಿದು ನಮ್ಮವರು 20,000ದ ನೋಟುಗಳ ಜೊತೆ 500,000ದ ಒಂದು ನೋಟನ್ನೂ ಕೊಟ್ಟುಬಿಟ್ಟಿದ್ದರು. ಎರಡೂ ನೀಲಿ. ಎಳನೀರಿನ ಅಜ್ಜಿ ಹಿಂದೆಯೇ ಓಡಿ ಬಂದು ಬೈಯುತ್ತಾ ವಾಪಸ್ ಕೊಟ್ಟರು. ಆಮೇಲೆ ಗೊತ್ತಾಯಿತು, 20,000ದ ನೋಟಿನ ಹಿಂದೆ ಇರುವುದು ಅದೇ ಸೇತುವೆಯ ಚಿತ್ರ. ಸೇತುವೆ ಇದ್ದರೆ ಎಪ್ಪತ್ತು ರೂಪಾಯಿಯೊಳಗಿನ ನೋಟು, ಇಲ್ಲದಿದ್ದರೆ ಸಾವಿರದ ಆರುನೂರರ ಮೇಲಿನದು. ಸೊನ್ನೆ ಎಣಿಸಿ ಕೊಡಿ.

ಹೊಲಿಸಲೇಬೇಕು ಅನ್ನುವವರು ಡ್ರೈವರ್ ತೋರಿಸಿದ ಅಂಗಡಿಗೆ ಕಾಲಿಡಬೇಡಿ. ಅಕ್ಕ, ತಂಗಿ, ಚಿಕ್ಕಮ್ಮ, ಯಾರ ಅಂಗಡಿಯಾದರೂ ಬೇಡ. ಕಣ್ಣೆದುರೇ ಕತ್ತರಿಸಲು ಹೇಳಿ, ಅದರದೇ ಒಂದು ಚೂರನ್ನು ಬಿಲ್ಲಿಗೆ ಪಿನ್ ಹೊಡೆಸಿ. ಬಾಕಿ ಕೊಡುವ ಮೊದಲು ಹೊಲಿದ ಬಟ್ಟೆಯ ಒಳಗಿನಿಂದ ಎಳೆ ಕಿತ್ತು ಸುಡಿ, ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಶೇ 3 ಹೋದರೆ ಹೋಗಲಿ, ಕಾರ್ಡ್ ಕೊಡಿ, ಬ್ಯಾಂಕಿಗಾದರೂ ದೂರು ಹೇಳಬಹುದು. ಮತ್ತೆ, ನಿಮಗೆ ರೇಷ್ಮೆ ಗೊತ್ತು ಅಂತ ಅಲ್ಲಿ ಬಾಯಿ ಬಿಡಬೇಡಿ.

ಮಗಳು ಆ ಪಾಲಿಸ್ಟರನ್ನೇ ಕಾಲೇಜಿನ ಎಥ್ನಿಕ್ ಡೇಗೆ ಹಾಕಿಕೊಂಡು ಹೋದಳು. ತುಂಬಾ ಚೆನ್ನಾಗಿದೆ ಅಂದರಂತೆ ಎಲ್ಲರೂ. ನನ್ನದು ಇನ್ನೂ ಕವರಿನಲ್ಲೇ ಇದೆ.